ಮುಗಿಯಿತೆಂದು ಯಾರೂ ಹೇಳಲಿಲ್ಲ: ನಿವೃತ್ತ ಬ್ಯಾಸ್ಕೆಟ್‌ಬಾಲ್ ಆಟಗಾರರೊಬ್ಬರ ಪ್ರಕರಣ

ವೃತ್ತಿಪರ ಬ್ಯಾಸ್ಕೆಟ್‌ಬಾಲ್‌ನಲ್ಲಿ ಹೆಸರು ಮಾಡಿದವರಿಗೆ ವಿದಾಯದ ಪಂದ್ಯ ಇರುತ್ತದೆ, ಪತ್ರಿಕಾಗೋಷ್ಠಿ ಇರುತ್ತದೆ, ಕೆಲವರ ಜೆರ್ಸಿಯನ್ನು ಕ್ರೀಡಾಂಗಣದ ಚಾವಣಿಗೂ ಏರಿಸುತ್ತಾರೆ. ಬಹುಪಾಲು ಆಟಗಾರರಿಗೆ ಇದಾವುದೂ ಇಲ್ಲ. ಒಂದು ಒಪ್ಪಂದ ಮುಗಿಯುತ್ತದೆ, ಇನ್ನೊಂದು ಬರುವುದಿಲ್ಲ. ‘ನಿನ್ನ ಆಟ ಮುಗಿಯಿತು’ ಎಂದು ಹೇಳುವ ಹೊಣೆ ಯಾರ ಮೇಲೂ ಇಲ್ಲದ್ದರಿಂದ ಯಾರೂ ಹೇಳುವುದಿಲ್ಲ. ಆಟ ಬಿಟ್ಟವರಿಗೆ ಎರಡನೆಯ ವೃತ್ತಿ ಕಟ್ಟಿಕೊಳ್ಳಲು ನೆರವಾಗುವುದು ನನ್ನ ಕೆಲಸ. ಹಣ ಕಳೆದುಕೊಂಡವರಿಗಿಂತ, ಗಾಯಗೊಂಡವರಿಗಿಂತ ಹೆಚ್ಚಾಗಿ ನಾನು ಕಂಡದ್ದು ಹೀಗೆ ಮುಗಿದದ್ದೇ ಗೊತ್ತಾಗದೆ ಉಳಿದವರನ್ನು.

ಈ ಪ್ರಕರಣದ ಆಟಗಾರ ಅಂಥವರಲ್ಲಿ ಒಬ್ಬರು. ಅವರ ಒಪ್ಪಿಗೆಯಿಂದಲೇ ಬರೆಯುತ್ತಿದ್ದೇನೆ. ಹೆಸರು, ಊರು, ತಂಡ, ಕ್ಲಬ್‌ಗಳನ್ನು ಬಿಟ್ಟಿದ್ದೇನೆ. ಗುರುತು ಹಿಡಿಯಬಹುದಾದ ಒಂದೆರಡು ವಿವರಗಳನ್ನು ಬದಲಿಸಿದ್ದೇನೆ. ತೆಗೆದುಕೊಂಡ ತೀರ್ಮಾನಗಳು ಮತ್ತು ಅವುಗಳ ಕ್ರಮ ಮಾತ್ರ ಇದ್ದ ಹಾಗೆಯೇ ಇವೆ.

ಹಿನ್ನೆಲೆ

ಅಮೆರಿಕದ ಮಧ್ಯ-ಪಶ್ಚಿಮ ಭಾಗದ ಒಂದು ಕಾರ್ಖಾನೆ ಊರಲ್ಲಿ ಹುಟ್ಟಿದವರು. ತಾಯಿ ಆಸ್ಪತ್ರೆಯೊಂದರಲ್ಲಿ ರಾತ್ರಿ ಪಾಳಿಯ ಕೆಲಸಗಾರ್ತಿ. ಹದಿನಾರನೆಯ ವಯಸ್ಸಿಗೆ ಆರು ಅಡಿ ಏಳು ಇಂಚು ಬೆಳೆದಿದ್ದರು, ಆಮೇಲೆ ಇನ್ನೊಂದು ಇಂಚು ಸೇರಿತು. ವಿದ್ಯಾರ್ಥಿವೇತನದ ಮೇಲೆ ಮೊದಲ ದರ್ಜೆಯ ಕಾಲೇಜು ಬ್ಯಾಸ್ಕೆಟ್‌ಬಾಲ್ ಆಡುವ ವಿಶ್ವವಿದ್ಯಾಲಯ ಸೇರಿ ನಾಲ್ಕು ವರ್ಷ ಆಡಿದರು. ಪವರ್ ಫಾರ್ವರ್ಡ್ ಸ್ಥಾನದ ಆಟಗಾರ; ಪಾಯಿಂಟ್ಸ್‌ಗಿಂತ ರಿಬೌಂಡ್ (ಗುರಿತಪ್ಪಿದ ಚೆಂಡನ್ನು ಹಿಡಿಯುವುದು) ಮತ್ತು ರಕ್ಷಣೆಯಲ್ಲಿ ಗಟ್ಟಿಗ. ಕೊನೆಯ ಸೆಮಿಸ್ಟರ್‌ನಲ್ಲಿ ಅಮೆರಿಕದ ಅಗ್ರ ವೃತ್ತಿಪರ ಲೀಗ್ ಎನ್‌ಬಿಎಯ ತಂಡಗಳು ಡ್ರಾಫ್ಟ್‌ಗೆ, ಅಂದರೆ ಹೊಸ ಆಟಗಾರರನ್ನು ಸರದಿಯಂತೆ ಆರಿಸಿಕೊಳ್ಳುವ ಪ್ರಕ್ರಿಯೆಗೆ, ಮುಂಚೆ ನಡೆಸುವ ಪರೀಕ್ಷಾ ಅಭ್ಯಾಸಗಳಿಗೆ ಊರೂರು ಅಲೆಯಬೇಕಾಗಿ ಬಂದು, ಪದವಿಗೆ ಐದು ಕೋರ್ಸ್ ಬಾಕಿ ಉಳಿದವು. ಮುಂದಿನ ಬೇಸಿಗೆಯಲ್ಲಿ ಮುಗಿಸಿದರಾಯಿತು ಎಂದುಕೊಂಡರು. ಹದಿನಾಲ್ಕು ವರ್ಷ ಆ ಬೇಸಿಗೆ ಬರಲಿಲ್ಲ.

2006ರ ಡ್ರಾಫ್ಟ್‌ನಲ್ಲಿ ಎರಡನೆಯ ಸುತ್ತಿನಲ್ಲಿ ಆಯ್ಕೆಯಾದರು. ಹೊರಗಿನವರಿಗೆ ಡ್ರಾಫ್ಟ್ ಎಂದರೆ ಡ್ರಾಫ್ಟ್. ಆದರೆ ಎರಡು ಸುತ್ತುಗಳ ನಡುವೆ ದೊಡ್ಡ ಕಂದಕವಿದೆ. ಮೊದಲ ಸುತ್ತಿನವರ ಸಂಬಳವನ್ನು 1995ರಿಂದ ಒಂದು ಪಟ್ಟಿ ನಿಗದಿಮಾಡುತ್ತದೆ, ಮೊದಲ ವರ್ಷಗಳ ಹಣ ಖಾತರಿ. ಎರಡನೆಯ ಸುತ್ತಿನವರಿಗೆ ಆ ಖಾತರಿ ಇಲ್ಲ. ಇವರನ್ನು ಅಕ್ಟೋಬರ್‌ನ ತರಬೇತಿ ಶಿಬಿರದ ಕೊನೆಯಲ್ಲಿ ಕೈಬಿಟ್ಟರು. ಅಲ್ಲಿಂದ ಎನ್‌ಬಿಎಯ ಕೆಳಹಂತದ ಲೀಗ್ ಆದ ಡಿ-ಲೀಗ್, ಈಗ ಜಿ ಲೀಗ್ ಎನ್ನುತ್ತಾರಲ್ಲ, ಅದೇ. ಆಗ ಅಲ್ಲಿನ ಸಂಬಳ ಇಡೀ ಋತುವಿಗೆ 12ರಿಂದ 24 ಸಾವಿರ ಡಾಲರ್ ಆಸುಪಾಸು. ಜನವರಿಯಲ್ಲಿ ಎನ್‌ಬಿಎ ತಂಡವೊಂದು ಹತ್ತು ದಿನಗಳ ಒಪ್ಪಂದಕ್ಕೆ ಕರೆಯಿತು. ಒಂದೇ ತಂಡ ಒಬ್ಬ ಆಟಗಾರನಿಗೆ ಒಂದು ಋತುವಿನಲ್ಲಿ ಇಂಥ ಎರಡು ಒಪ್ಪಂದಗಳನ್ನಷ್ಟೇ ಕೊಡಬಹುದು. ಮೂರನೆಯ ಬಾರಿಗೆ ಋತುವಿನ ಕೊನೆಯವರೆಗೂ ಇಟ್ಟುಕೊಳ್ಳಬೇಕು, ಇಲ್ಲವೇ ಬಿಡಬೇಕು. ಇವರನ್ನು ಇಟ್ಟುಕೊಂಡರು. ಮರುವರ್ಷ ಇನ್ನೊಂದು ತಂಡದಲ್ಲಿ ಕನಿಷ್ಠ ವೇತನಕ್ಕೆ ಇಡೀ ಋತು ಸಿಕ್ಕಿತು. ಒಂದು ವರ್ಷದ ಅನುಭವ ಇದ್ದವರಿಗೆ 2007-08ರಲ್ಲಿ ಆ ಕನಿಷ್ಠ ವೇತನ ಏಳು ಲಕ್ಷ ಡಾಲರ್‌ಗಿಂತ ಸ್ವಲ್ಪ ಕಡಿಮೆ. ಕೇಂದ್ರದ ತೆರಿಗೆ, ಪಂದ್ಯಕ್ಕೆ ಹೋದ ರಾಜ್ಯಗಳೆಲ್ಲ ಆಯಾ ದಿನಗಳ ಲೆಕ್ಕದಲ್ಲಿ ವಿಧಿಸುವ ತೆರಿಗೆ, ಎಸ್ಕ್ರೊ ಎಂದು ಲೀಗ್ ತಡೆಹಿಡಿಯುವ ಸಂಬಳದ ಪಾಲು, ಏಜೆಂಟ್ ಶುಲ್ಕ ಎಲ್ಲ ಕಳೆದು ಕೈಗೆ ಬಂದದ್ದು ಅರ್ಧದಷ್ಟು. ತಾಯಿಗೆ ಮನೆ ಕೊಂಡರು. ಅದನ್ನು ತಪ್ಪು ಎನ್ನುವವರೊಂದಿಗೆ ನಾನು ವಾದಿಸುತ್ತೇನೆ. ಅವರ ಜೀವನದ ಅತ್ಯಂತ ಒಳ್ಳೆಯ ಹೂಡಿಕೆ ಅದೇ ಆಗಿತ್ತು, ಇಂದಿಗೂ ಉಳಿದಿರುವ ಆಸ್ತಿಯೂ ಅದೊಂದೇ.

ಮೂರನೆಯ ಬೇಸಿಗೆ

2008ರ ಬೇಸಿಗೆ ಈ ಪ್ರಕರಣದ ಮೊದಲ ತಿರುವು. ಎರಡು ದಾರಿ ಇದ್ದವು. ಒಂದು, ಎನ್‌ಬಿಎ ತಂಡವೊಂದರ ಶಿಬಿರಕ್ಕೆ ಖಾತರಿಯಿಲ್ಲದ ಒಪ್ಪಂದ. ತಂಡದಲ್ಲಿ 15 ಸ್ಥಾನ. ಹದಿನಾಲ್ಕು ಆಗಲೇ ಭರ್ತಿ, ಉಳಿದ ಒಂದಕ್ಕೆ ಮೂವರು. ಗೆದ್ದರೂ ಜನವರಿ 10ರವರೆಗೆ ಯಾವಾಗ ಬೇಕಾದರೂ ಬಿಡಬಹುದು, ಆ ದಿನಾಂಕ ದಾಟಿದ ಮೇಲಷ್ಟೇ ಇಡೀ ಋತುವಿನ ಹಣ ಖಾತರಿ. ಇನ್ನೊಂದು, ಯುರೋಪಿನ ಕ್ಲಬ್ ಒಂದರ ಒಪ್ಪಂದ: ತೆರಿಗೆ ಕ್ಲಬ್‌ನದ್ದು, ಮನೆ-ಕಾರು ಕ್ಲಬ್‌ನದ್ದು, ಸಂಬಳ ನಿವ್ವಳ. ಅದೇ ಬೇಸಿಗೆಯಲ್ಲಿ ಜಾಶ್ ಚಿಲ್ಡ್ರೆಸ್ ಎನ್‌ಬಿಎಯ ಅಟ್ಲಾಂಟಾ ತಂಡ ಬಿಟ್ಟು ಗ್ರೀಸಿನ ಒಲಿಂಪಿಯಾಕೋಸ್ ಸೇರಿದ್ದರು, ಮೂರು ವರ್ಷಕ್ಕೆ ನಿವ್ವಳ ಎರಡು ಕೋಟಿ ಡಾಲರ್ ಎಂದು ಸುದ್ದಿಯಾಗಿತ್ತು. ಎನ್‌ಬಿಎದಲ್ಲಿ ಬೇಡಿಕೆ ಇದ್ದ ಆಟಗಾರನೇ ಸಾಗರ ದಾಟಿದ ಮೇಲೆ ಯುರೋಪ್ ಎಂದರೆ ಹಿಂಬಡ್ತಿ ಎಂಬ ಭಾವನೆ ಸಡಿಲವಾಗಿತ್ತು.

ನಮ್ಮ ಆಟಗಾರ ಯುರೋಪನ್ನು ಆರಿಸಿಕೊಂಡರು. ಆಗ ಕೈಯಲ್ಲಿದ್ದ ಮಾಹಿತಿಯ ಮೇಲೆ ಆ ಆಯ್ಕೆ ಸರಿಯಾದದ್ದೇ. ಪ್ರಶ್ನೆ ಇರುವುದು ಕೈಯಲ್ಲಿ ಇರಬೇಕಾಗಿದ್ದ ಮಾಹಿತಿಯ ಬಗ್ಗೆ.

ಎನ್‌ಬಿಎ ಪಿಂಚಣಿಗೆ ಹಕ್ಕುದಾರರಾಗಲು ಮೂರು ವರ್ಷದ ಸೇವೆ ಬೇಕು. ಇವರ ಖಾತೆಯಲ್ಲಿ ಎರಡು ಇತ್ತು. ಮೂರು ವರ್ಷ ತುಂಬಿದವರು ಕಡಿಮೆ ಮೊತ್ತ ಒಪ್ಪಿಕೊಂಡರೆ 45ನೆಯ ವಯಸ್ಸಿನಿಂದಲೇ ಪಿಂಚಣಿ ಪಡೆಯಬಹುದು. ಮೂರು ಎಂಬ ಆ ಗೆರೆ ಆಮೇಲಿನ ವರ್ಷಗಳಲ್ಲಿ ಇನ್ನೂ ಭಾರವಾಯಿತು. 2016ರ ಜುಲೈಯಲ್ಲಿ ಆಟಗಾರರ ಸಂಘ ನಿವೃತ್ತರಿಗೆ ಆರೋಗ್ಯ ವಿಮೆ ಕೊಡಿಸುವ ತೀರ್ಮಾನ ಮಾಡಿತು. ಕನಿಷ್ಠ ಮೂರು ವರ್ಷ ಆಡಿದವರಿಗೆ. 2022ರಲ್ಲಿ, 1976ರಲ್ಲಿ ಎನ್‌ಬಿಎ ಜೊತೆ ಸೇರಿಹೋದ ಹಳೆಯ ಎಬಿಎ ಲೀಗಿನ ಸುಮಾರು 115 ಮಂದಿಗೆಂದು 2.45 ಕೋಟಿ ಡಾಲರ್ ತೆಗೆದಿಟ್ಟಾಗಲೂ ಅಳತೆ ಅದೇ, ಮೂರು ವರ್ಷ. ಮುಂದಿನದ್ದನ್ನು 2008ರಲ್ಲಿ ಯಾರೂ ಊಹಿಸಬೇಕಾಗಿರಲಿಲ್ಲ. ಆದರೆ ಪಿಂಚಣಿಯ ನಿಯಮ ಆಗಲೇ ಅಚ್ಚಾಗಿತ್ತು. ಆ ಬೇಸಿಗೆಯ ಮಾತುಕತೆಗಳಲ್ಲಿ ಅದು ಒಮ್ಮೆಯೂ ಬರಲಿಲ್ಲ ಎಂದು ಅವರು ನೆನಪಿಸಿಕೊಳ್ಳುತ್ತಾರೆ. ಇಪ್ಪತ್ನಾಲ್ಕರ ಹುಡುಗ ಪಿಂಚಣಿಯ ಬಗ್ಗೆ ಕೇಳುವುದಿಲ್ಲ. ಕೇಳದವರಿಗೆ ಹೇಳುವ ಏರ್ಪಾಡು ಇರಬೇಕು.

ಏಜೆಂಟ್ ಮೋಸಮಾಡಿದರೇ ಎಂದು ಈ ಪ್ರಕರಣ ಕೇಳಿದವರೆಲ್ಲ ವಿಚಾರಿಸುತ್ತಾರೆ. ಹಾಗೆನ್ನಲು ನನಗೆ ಆಧಾರ ಕಾಣಲಿಲ್ಲ. ಆದರೆ ವ್ಯವಸ್ಥೆಯ ವಾಲು ಯಾವ ಕಡೆಗಿದೆ ಎಂಬುದನ್ನು ಅರಿತಿರಬೇಕು. ಎನ್‌ಬಿಎ ಒಪ್ಪಂದದಲ್ಲಿ ಏಜೆಂಟ್ ಶುಲ್ಕ ಶೇ 4 ಮೀರುವಂತಿಲ್ಲ, ಕನಿಷ್ಠ ವೇತನದ ಒಪ್ಪಂದದಲ್ಲಿ ಅದಕ್ಕಿಂತಲೂ ಕಡಿಮೆ. ವಿದೇಶಿ ಒಪ್ಪಂದದಲ್ಲಿ ಶೇ 10ರವರೆಗೂ ಹೋಗುತ್ತದೆ, ಸಾಮಾನ್ಯವಾಗಿ ಅದನ್ನು ಕ್ಲಬ್ಬೇ ಕೊಡುತ್ತದೆ. ಒಳ್ಳೆಯ ಏಜೆಂಟ್ ಕೂಡ ಈ ಇಳಿಜಾರಿನ ಮೇಲೆಯೇ ನಿಂತಿರುತ್ತಾನೆ.

ಸಂಬಳ ನಿಂತ ಚಳಿಗಾಲ

ಯುರೋಪಿನ ಮೊದಲ ವರ್ಷ ಚೆನ್ನಾಗಿತ್ತು. ಬೆಂಚ್ ಮೇಲೆ ಕೂತು ಕಾಯುವುದು ತಪ್ಪಿ, ಪಂದ್ಯಕ್ಕೆ ಮೂವತ್ತು ನಿಮಿಷ ಆಡುವ ಆಟಗಾರರಾದರು. ಎರಡನೆಯ ವರ್ಷ ದಕ್ಷಿಣ ಯುರೋಪಿನ ಇನ್ನೊಂದು ಕ್ಲಬ್ ಹೆಚ್ಚು ಹಣಕ್ಕೆ ಕರೆಯಿತು. 2009-10ರ ಋತು. ಆರ್ಥಿಕ ಕುಸಿತದ ಬಿಸಿ ಅಷ್ಟರಲ್ಲಿ ಕ್ಲಬ್‌ಗಳ ಪ್ರಾಯೋಜಕರಿಗೆ ತಟ್ಟಿತ್ತು. ಡಿಸೆಂಬರ್‌ನಿಂದ ಸಂಬಳ ನಿಂತಿತು.

ಒಪ್ಪಂದದಲ್ಲಿ ಸ್ಪಷ್ಟವಾದ ಷರತ್ತಿತ್ತು: ನಿಗದಿತ ದಿನಗಳಿಗಿಂತ ಹೆಚ್ಚು ತಡವಾದರೆ ಆಟಗಾರ ಲಿಖಿತ ನೋಟಿಸ್ ಕೊಟ್ಟು ಹೊರನಡೆಯಬಹುದು, ಉಳಿದ ಋತುವಿನ ಹಣವೂ ಅವನಿಗೆ ಸಲ್ಲಬೇಕು. ಅವರು ನೋಟಿಸ್ ಕೊಡಲಿಲ್ಲ. ತಂಡ ಪ್ಲೇಆಫ್ ಹಾದಿಯಲ್ಲಿತ್ತು, ಕೋಚ್ ‘ಮುಂದಿನ ವಾರ’ ಎನ್ನುತ್ತಿದ್ದರು, ಸ್ಥಳೀಯ ಆಟಗಾರರು ಅವರಿಗಿಂತ ಹೆಚ್ಚು ತಿಂಗಳುಗಳಿಂದ ಸಂಬಳವಿಲ್ಲದೆ ಆಡುತ್ತಿದ್ದರು. ಜೊತೆಗಾರರನ್ನು ಬಿಟ್ಟು ಹೋಗುವುದು ಅವರಿಂದಾಗಲಿಲ್ಲ. ಈ ನಿಷ್ಠೆಯನ್ನು ನಾನು ಗೌರವಿಸುತ್ತೇನೆ. ಆದರೆ ನೋಟಿಸ್ ಕೊಡುವುದಕ್ಕೂ ತಂಡ ಬಿಡುವುದಕ್ಕೂ ವ್ಯತ್ಯಾಸವಿದೆ ಎಂದು ಅವರಿಗೆ ಹೇಳುವವರು ಬೇಕಿತ್ತು. ಬಾಕಿಯನ್ನು ಬರಹದಲ್ಲಿ ದಾಖಲಿಸಿ, ಹಕ್ಕನ್ನು ಕಾಯ್ದುಕೊಂಡೇ ಆಡುವುದನ್ನು ಮುಂದುವರಿಸಬಹುದಿತ್ತು.

ಋತು ಮುಗಿದ ಮೇಲೆ ಪ್ರಕರಣ ಮಧ್ಯಸ್ಥಿಕೆಗೆ ಹೋಯಿತು. ಇಂಥ ವ್ಯಾಜ್ಯಗಳಿಗೆಂದೇ ಅಂತರರಾಷ್ಟ್ರೀಯ ಬ್ಯಾಸ್ಕೆಟ್‌ಬಾಲ್ ಒಕ್ಕೂಟ ಫಿಬಾ 2007ರಲ್ಲಿ ಒಂದು ನ್ಯಾಯಮಂಡಳಿ ಸ್ಥಾಪಿಸಿತ್ತು; 2011ರಿಂದ ಅದರ ಹೆಸರು ಬ್ಯಾಸ್ಕೆಟ್‌ಬಾಲ್ ಆರ್ಬಿಟ್ರಲ್ ಟ್ರಿಬ್ಯೂನಲ್. ಕಾನೂನಿನ ನೆಲೆ ಜಿನೀವಾ. ಒಬ್ಬರೇ ಮಧ್ಯಸ್ಥಗಾರರು, ಹೆಚ್ಚಿನಂಶ ಕಾಗದಪತ್ರಗಳ ಮೇಲೆಯೇ, ಯಾವುದೋ ಒಂದು ದೇಶದ ಕಾನೂನಿಗೆ ಕಟ್ಟುಬೀಳದೆ ನ್ಯಾಯಯುತವೆನಿಸುವ ತೀರ್ಪು ಕೊಡುತ್ತಾರೆ. ಒಪ್ಪಂದದಲ್ಲಿ ಈ ಮಂಡಳಿಯ ಷರತ್ತು ಸೇರಿದ್ದರೆ ಮಾತ್ರ ಅದರ ಬಾಗಿಲು ತೆರೆಯುತ್ತದೆ, ಇವರದ್ದರಲ್ಲಿ ಸೇರಿತ್ತು. ತೀರ್ಪು ಇವರ ಪರವಾಗಿ ಬಂತು. ತೀರ್ಪು ಪಾಲಿಸದ ಕ್ಲಬ್ ಹೊಸ ಆಟಗಾರರನ್ನು ನೋಂದಾಯಿಸದಂತೆ ಫಿಬಾ ತಡೆಯಬಹುದು, ಅದೇ ಈ ವ್ಯವಸ್ಥೆಯ ಹಲ್ಲು. ಆದರೆ ಕ್ಲಬ್ಬೇ ದಿವಾಳಿಯ ಅಂಚಿನಲ್ಲಿದ್ದರೆ ಹಲ್ಲು ಕಚ್ಚುವುದು ಯಾರನ್ನು? ಬಾಕಿಯ ಅರ್ಧಕ್ಕಿಂತ ಕಡಿಮೆ ಹಣ, ಕಂತು ಕಂತಾಗಿ, ವರ್ಷಗಳ ಮೇಲೆ ಬಂತು. ನಡುವೆ ಬರಬೇಕಾದ ಹಣವನ್ನು ನಂಬಿ ಮಾಡಿದ ಸಾಲಕ್ಕೆ ಬಡ್ಡಿ ಬೆಳೆದಿತ್ತು.

ಮುಂದಿನ ವರ್ಷಗಳು ಬೇರೆ ಬೇರೆ ದೇಶಗಳಲ್ಲಿ ಕಳೆದವು. ಹೆಂಡತಿ, ಮಗಳು ಮೊದಲೆರಡು ವರ್ಷ ಜೊತೆಗಿದ್ದು, ಮಗಳು ಶಾಲೆಗೆ ಸೇರುವಾಗ ಅಮೆರಿಕಕ್ಕೆ ಮರಳಿದರು. 29ನೆಯ ವಯಸ್ಸಿನಲ್ಲಿ ಬಲ ಮೊಣಕಾಲಿನ ಮೃದ್ವಸ್ಥಿ ಕಿತ್ತು ಮೈಕ್ರೊಫ್ರಾಕ್ಚರ್ ಶಸ್ತ್ರಚಿಕಿತ್ಸೆಯಾಯಿತು. ಮೂಳೆಯ ಮೇಲ್ಮೈಯಲ್ಲಿ ಸಣ್ಣ ರಂಧ್ರಗಳನ್ನು ಕೊರೆದು, ಮಜ್ಜೆಯಿಂದ ಬರುವ ರಕ್ತ ಹೆಪ್ಪುಗಟ್ಟಿ ಅದರಿಂದ ಹೊಸ ಮೃದ್ವಸ್ಥಿ ಬೆಳೆಯುವಂತೆ ಮಾಡುವ ವಿಧಾನ ಅದು. ಬೆಳೆಯುವುದು ಮೂಲದ ನುಣುಪಾದ ಮೃದ್ವಸ್ಥಿಯಲ್ಲ, ನಾರಿನಂಥದ್ದು, ಅಷ್ಟು ತಾಳಿಕೆಯದ್ದಲ್ಲ. ಸುಮಾರು ಆರು ವಾರ ಆ ಕಾಲಿನ ಮೇಲೆ ಭಾರ ಹಾಕುವಂತಿಲ್ಲ. ಎನ್‌ಬಿಎ ತಾರೆ ಅಮಾರೆ ಸ್ಟೌಡಮೈರ್ 2005ರಲ್ಲಿ ಇದೇ ಚಿಕಿತ್ಸೆ ಪಡೆದು ಮತ್ತೆ ಶಿಖರಕ್ಕೇರಿದ್ದನ್ನು ಸುತ್ತಲಿನವರೆಲ್ಲ ನೆನಪಿಸಿದರು. ಹಾಗೆ ಮರಳಲಾಗದ ಇನ್ನೊಬ್ಬ ತಾರೆ ಪೆನ್ನಿ ಹಾರ್ಡವೇಯನ್ನು ಯಾರೂ ನೆನಪಿಸಲಿಲ್ಲ. ಇವರೂ ಮರಳಿದರು, ಆದರೆ ಜಿಗಿತ ಮರಳಲಿಲ್ಲ. ಲೀಗ್‌ನ ದರ್ಜೆ ಇಳಿಯುತ್ತಾ ಹೋಯಿತು, ಒಪ್ಪಂದದ ಅವಧಿ ವರ್ಷದಿಂದ ತಿಂಗಳುಗಳಿಗೆ ಬಂತು. ಕೊನೆಯ ಒಪ್ಪಂದ 2016ರ ವಸಂತದಲ್ಲಿ ಮುಗಿಯಿತು. ವಯಸ್ಸು 32. ಆರೋಗ್ಯ ವಿಮೆಯ ತೀರ್ಮಾನ ಹೊರಬಿದ್ದದ್ದು ಅದಾದ ಕೆಲವೇ ವಾರಗಳಿಗೆ.

ಸಮಸ್ಯೆ

ಇಲ್ಲಿಂದ ಎರಡೂವರೆ ವರ್ಷ ನಡೆದದ್ದೇ ನನ್ನ ಮಟ್ಟಿಗೆ ಈ ಪ್ರಕರಣದ ತಿರುಳು. ಹೊರಗಿನಿಂದ ನೋಡಿದರೆ ಏನೂ ನಡೆಯಲಿಲ್ಲ.

ಬ್ಯಾಸ್ಕೆಟ್‌ಬಾಲ್ ಮಾರುಕಟ್ಟೆಗೆ ಬಾಗಿಲು ಮುಚ್ಚುವ ದಿನ ಇಲ್ಲ. ಆಗಸ್ಟ್-ಸೆಪ್ಟೆಂಬರ್‌ನಲ್ಲಿ ತಂಡಗಳು ಕಟ್ಟಲ್ಪಡುತ್ತವೆ. ಆಗ ಕರೆ ಬರಬಹುದು. ಬರದಿದ್ದರೆ ಡಿಸೆಂಬರ್-ಜನವರಿಯಲ್ಲಿ ಗಾಯಾಳುಗಳ ಜಾಗಕ್ಕೆ ಬದಲಿಗಳು ಬೇಕಾಗುತ್ತಾರೆ, ಆಗ ಬರಬಹುದು. ಅದೂ ಇಲ್ಲವಾದರೆ ಯುರೋಪಿನ ಋತು ಮುಗಿಯುವ ಹೊತ್ತಿಗೆ ಲ್ಯಾಟಿನ್ ಅಮೆರಿಕದ, ಮಧ್ಯಪ್ರಾಚ್ಯದ ಚಿಕ್ಕ ಲೀಗ್‌ಗಳು ಇವೆ. ವರ್ಷಕ್ಕೆ ಮೂರು ಬಾರಿ ಆಸೆ ಹೊಸದಾಗಿ ಹುಟ್ಟುವ ಹಾಗೆ ಪಂಚಾಂಗವೇ ರಚನೆಯಾಗಿದೆ. 2017ರಲ್ಲಿ ಮಾಜಿ ಎನ್‌ಬಿಎ ಆಟಗಾರರ ಮೂವರು-ಮೂವರ ಲೀಗ್ ಬಿಗ್3 ಶುರುವಾದಾಗ ನಾಲ್ಕನೆಯ ಆಸೆಯೂ ಸೇರಿತು; ಅದಕ್ಕೆ ಪ್ರಯತ್ನಿಸಿದರು, ಆಯ್ಕೆಯಾಗಲಿಲ್ಲ. ಏಜೆಂಟ್ ಸಂದೇಶಗಳಿಗೆ ಉತ್ತರಿಸುತ್ತಲೇ ಇದ್ದರು: ‘ಸಿದ್ಧವಾಗಿರು’. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಸಿದ್ಧವಾಗಿದ್ದ ಮೂವತ್ತನಾಲ್ಕರ ಆಟಗಾರನಿಗೆ ಕರೆ ಬಂದ ಉದಾಹರಣೆಗಳು ಇವೆ.

ಹೀಗಾಗಿ ಅವರು ಬೆಳಿಗ್ಗೆ ಆರಕ್ಕೆ ಜಿಮ್‌ಗೆ ಹೋಗುವುದನ್ನು ಬಿಡಲಿಲ್ಲ. ಎರಡು ತಿಂಗಳಿಗಿಂತ ಹೆಚ್ಚು ಕಾಲ ಕಟ್ಟಿಹಾಕುವ ಯಾವ ಕೆಲಸಕ್ಕೂ ಒಪ್ಪಲಿಲ್ಲ. ಬಾಡಿಗೆ ಕರಾರನ್ನು ತಿಂಗಳ ಲೆಕ್ಕದಲ್ಲಿ ಇಟ್ಟರು. ಮೊಣಕಾಲಿನ ಪೂರ್ಣ ತಪಾಸಣೆ ಮಾಡಿಸಲಿಲ್ಲ, ವರದಿ ಕ್ಲಬ್‌ಗಳ ಕಿವಿಗೆ ಬಿದ್ದರೆ ಎಂಬ ಭಯ. ಉಳಿತಾಯ ಕರಗಿತು. 2017ರಲ್ಲಿ ದಾಂಪತ್ಯ ಮುರಿಯಿತು. ಜೊತೆಯಲ್ಲಿ ಬಾಳುವವರು ಯಾವ ಯೋಜನೆ ಹಾಕಿದರೂ ‘ಅಕ್ಟೋಬರ್ ಆಗಲಿ’ ಎಂಬ ಉತ್ತರ ಕೇಳಿ ಕೇಳಿ ದಣಿದಿದ್ದರು.

ಏನೇನು ಪ್ರಯತ್ನಿಸಿದರು

ದೂರದರ್ಶನದ ವೀಕ್ಷಕ ವಿವರಣೆಗೆ ಒಂದು ಪರೀಕ್ಷೆ ಕೊಟ್ಟರು, ಆಗಲಿಲ್ಲ. ವಿಮೆ ಮಾರಾಟಕ್ಕೆ ಸೇರಿ ಕೆಲವು ತಿಂಗಳಲ್ಲಿ ಬಿಟ್ಟರು. ಹೆಸರು ಬಾಗಿಲು ತೆರೆಯುತ್ತಿತ್ತು, ಒಳಗೆ ಹೋದ ಮೇಲೆ ಜನ ಹಳೆಯ ಪಂದ್ಯಗಳ ಮಾತಾಡಿ ಕಳಿಸುತ್ತಿದ್ದರು.

ಹಳೆಯ ಜೊತೆಗಾರರೊಬ್ಬರೊಂದಿಗೆ ಶುರುಮಾಡಿದ ತರಬೇತಿ ಕೇಂದ್ರದ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು, ಏಕೆಂದರೆ ಇಂಥ ಹೂಡಿಕೆ ನಾನು ಕಂಡ ಬಹುತೇಕ ಪ್ರಕರಣಗಳಲ್ಲಿ ಇದೆ. ಉಳಿದ ಹಣದ ದೊಡ್ಡ ಪಾಲನ್ನು ಅದಕ್ಕೆ ಹಾಕಿದರು. ಮಕ್ಕಳಿಗೆ ಕಲಿಸುವುದರಲ್ಲಿ ಅವರು ನಿಜಕ್ಕೂ ನಿಪುಣರು. ಆದರೆ ಲೆಕ್ಕ, ಬಾಡಿಗೆ, ವಿಮೆ, ನೇಮಕಾತಿ ಯಾವುದನ್ನೂ ಎಂದೂ ಮಾಡಿದವರಲ್ಲ. ಎನ್‌ಬಿಎ ಜೀವನದಲ್ಲಿ ವಿಮಾನ ತಂಡದ್ದು, ಹೋಟೆಲ್ ತಂಡದ್ದು, ಊಟದ ಭತ್ಯೆ ತಂಡದ್ದು. ಬೆಳಗಿನ ಹಗುರ ಅಭ್ಯಾಸ (ಶೂಟ್‌ಅರೌಂಡ್), ಮಧ್ಯಾಹ್ನದ ನಿದ್ದೆ, ಸಂಜೆಯ ಪಂದ್ಯ ಎಲ್ಲವೂ ಬೇರೆಯವರು ಅಚ್ಚುಮಾಡಿ ಕೊಟ್ಟ ವೇಳಾಪಟ್ಟಿ. ಯುರೋಪಿನಲ್ಲೂ ಕ್ಲಬ್‌ನ ಮ್ಯಾನೇಜರ್ ವೀಸಾದಿಂದ ವಿದ್ಯುತ್ ಬಿಲ್‌ವರೆಗೆ ನೋಡಿಕೊಂಡಿದ್ದರು. ಅಂಗಣದಲ್ಲಿ ಸೆಕೆಂಡಿನೊಳಗೆ ತೀರ್ಮಾನ ಮಾಡುವ ಮನುಷ್ಯನಿಗೆ ಅಂಗಣದ ಹೊರಗೆ ತೀರ್ಮಾನಿಸುವ ಅವಕಾಶವೇ ಹತ್ತು ವರ್ಷ ಸಿಕ್ಕಿರಲಿಲ್ಲ. ಕೇಂದ್ರ ಒಂದೂವರೆ ವರ್ಷದಲ್ಲಿ ಮುಚ್ಚಿತು. ಅದಕ್ಕೆ ಇನ್ನೊಂದು ಕಾರಣವೂ ಇತ್ತು: ಅವರೇ ಅಲ್ಲಿ ಪೂರ್ತಿ ಇರಲಿಲ್ಲ. ಕರೆ ಬಂದರೆ ಹೊರಡಬೇಕೆಂದು ಪಾಲುದಾರರಿಗೆ ಮೊದಲೇ ಹೇಳಿದ್ದರು.

ಸ್ನೇಹಿತರು ಪದೇಪದೇ ಜೂನಿಯರ್ ಬ್ರಿಜ್‌ಮನ್ ಅವರ ಉದಾಹರಣೆ ಕೊಡುತ್ತಿದ್ದರಂತೆ. ಬ್ರಿಜ್‌ಮನ್ ದೊಡ್ಡ ಸಂಬಳದ ತಾರೆಯಾಗಿರಲಿಲ್ಲ, ಹೆಚ್ಚಾಗಿ ಮಿಲ್ವಾಕಿ ಬಕ್ಸ್ ತಂಡಕ್ಕೆ ಬೆಂಚ್‌ನಿಂದ ಇಳಿದು ಆಡಿದವರು. ಆಮೇಲೆ ವೆಂಡೀಸ್ ಎಂಬ ಬರ್ಗರ್ ಸರಣಿಯ ಮಳಿಗೆಗಳನ್ನು ಒಂದೊಂದಾಗಿ ಸೇರಿಸುತ್ತಾ ನೂರಕ್ಕೂ ಹೆಚ್ಚಿನ ಮಳಿಗೆಗಳ ಒಡೆಯರಾದರು. ಹೆದರಿಸಲು ಬಳಸುವ ಇನ್ನೊಂದು ಹೆಸರು ಎನ್‌ಬಿಎ ತಾರೆಯಾಗಿದ್ದ ಆಂಟ್ವಾನ್ ವಾಕರ್: 10 ಕೋಟಿ ಡಾಲರ್‌ಗೂ ಮೀರಿ ಗಳಿಸಿ 2010ರಲ್ಲಿ ದಿವಾಳಿ ಅರ್ಜಿ ಹಾಕಿದವರು. ಎರಡೂ ನಿಜ ಕಥೆಗಳು. ಆದರೆ ನಮ್ಮ ಆಟಗಾರ ಇಬ್ಬರಂತೆಯೂ ಇರಲಿಲ್ಲ. ಬ್ರಿಜ್‌ಮನ್ ಆಡುತ್ತಿದ್ದಾಗಲೇ ಆಟಗಾರರ ಸಂಘದ ಅಧ್ಯಕ್ಷರಾಗಿದ್ದರು. ಒಪ್ಪಂದ, ಹಣಕಾಸು, ಸಂಧಾನ ಅವರಿಗೆ ಆಟದ ದಿನಗಳಲ್ಲೇ ಪರಿಚಿತ. ಆ ಭಾಗ ಬಿಟ್ಟು ಮಳಿಗೆಗಳ ಸಂಖ್ಯೆಯನ್ನಷ್ಟೇ ಹೇಳುವುದು ಕೇಳುವವನಿಗೆ ಅನ್ಯಾಯ.

ತೀರ್ಮಾನದ ಜನವರಿ

ಅವರು ನನ್ನ ಬಳಿ ಬಂದದ್ದು 2018ರ ಶರತ್ಕಾಲದಲ್ಲಿ, ಉದ್ಯೋಗ ಕೇಳಿಕೊಂಡು. ವಿಶ್ವವಿದ್ಯಾಲಯವೊಂದರ ಸಹಾಯಕ ಕೋಚ್ ಕೆಲಸಕ್ಕೆ ಪದವಿ ಕಡ್ಡಾಯ ಎಂದು ತಿಳಿದು ನಿರಾಶರಾಗಿದ್ದರು.

ಉದ್ಯೋಗದ ಮಾತಿಗೆ ಮುಂಚೆ ನಾವು ಮಾಡಿದ ಮೊದಲ ಕೆಲಸ ಕಾಗದ ಜೋಡಿಸುವುದು. ಪ್ರತಿ ಒಪ್ಪಂದ, ಸಂದ ಹಣ, ಬರಬೇಕಾದ ಬಾಕಿ, ಸೇವೆಯ ವರ್ಷಗಳ ಅಧಿಕೃತ ದೃಢೀಕರಣ. ಎರಡು ವರ್ಷ, ಮೂರಲ್ಲ ಎಂಬುದನ್ನು ಅವರು ಮೊದಲ ಬಾರಿಗೆ ಅಚ್ಚಿನಲ್ಲಿ ಕಂಡದ್ದು ಆಗ. ಬಹಳ ಹೊತ್ತು ಕೋಪಗೊಂಡಿದ್ದರು, ಅದು ನ್ಯಾಯವಾದ ಕೋಪ. ಎರಡನೆಯದು ಮೊಣಕಾಲಿನ ತಪಾಸಣೆ. ವರದಿ ಅವರಿಗಾಗಿ ಮಾತ್ರ, ಯಾವ ಕ್ಲಬ್‌ಗೂ ಹೋಗುವುದಿಲ್ಲ ಎಂದು ಖಚಿತಪಡಿಸಿದ ಮೇಲೆಯೇ ಒಪ್ಪಿದರು. ಮೃದ್ವಸ್ಥಿ ಬಹುತೇಕ ಸವೆದಿತ್ತು. ಆಡಿದರೂ ಬಿಟ್ಟರೂ ಮುಂದೊಂದು ದಿನ ಕೀಲು ಬದಲಾವಣೆ ಬೇಕು, ಆಡಿದರೆ ಆ ದಿನ ಹತ್ತಿರವಾಗುತ್ತದೆ ಎಂದು ವೈದ್ಯರು ನೇರವಾಗಿ ಹೇಳಿದರು.

ಕ್ರೀಡಾ ಮನೋವಿಜ್ಞಾನದಲ್ಲಿ ಕ್ರೀಡಾಪಟುವಿನ ಅಸ್ಮಿತೆ ಅಳೆಯಲು 1993ರಲ್ಲಿ ಬ್ರೂವರ್ ಮತ್ತು ಸಂಗಡಿಗರು ಪ್ರಕಟಿಸಿದ ಒಂದು ಪ್ರಶ್ನಾವಳಿ ಇದೆ. ಅದನ್ನು ತುಂಬಿಸಿದೆ. ಅಂಕಗಳಿಗಿಂತ ಅವರು ತುಂಬಿಸುತ್ತಾ ಆಡಿದ ಮಾತು ಉಪಯುಕ್ತವಾಯಿತು: ಆಟ ಬಿಡುವುದು ತನಗೆ ಭಯವಲ್ಲ, ತಾನು ಬಿಟ್ಟ ಮಾರನೆಯ ದಿನ ಕರೆ ಬಂದರೆ ಎಂಬುದೇ ಭಯ. ಈ ಮಾತಿನಿಂದ ಕೆಲಸದ ದಿಕ್ಕು ಬದಲಾಯಿತು. ಆಡಬೇಡಿ ಎಂದು ಮನವೊಲಿಸುವ ಪ್ರಯತ್ನವನ್ನು ನಾವು ಮಾಡಲಿಲ್ಲ. ಬದಲಿಗೆ, ಎಂಥ ಕರೆ ಬಂದರೆ ಹೋಗುವುದು ಎಂದು ಮೊದಲೇ ಬರೆದಿಡಲು ಕೇಳಿದೆ: ಕನಿಷ್ಠ ಎಷ್ಟು ಹಣ, ಎಷ್ಟು ತಿಂಗಳು, ಯಾವ ದರ್ಜೆಯ ಲೀಗ್, ಮುಂಗಡ ಎಷ್ಟು. ಜನವರಿಯ ಎರಡನೆಯ ವಾರದೊಳಗೆ ಅಂಥದ್ದು ಬರದಿದ್ದರೆ ವಸಂತ ಸೆಮಿಸ್ಟರ್‌ಗೆ ಸೇರುವುದು. ಹಳೆಯ ವಿದ್ಯಾರ್ಥಿವೇತನದ ಆಟಗಾರರು ಪದವಿ ಮುಗಿಸಲು ಮರಳಿದರೆ ನೆರವು ಕೊಡುವ ಯೋಜನೆಗಳು ಅಮೆರಿಕದ ಅನೇಕ ವಿಶ್ವವಿದ್ಯಾಲಯಗಳಲ್ಲಿವೆ. ಅವರ ವಿಶ್ವವಿದ್ಯಾಲಯದಲ್ಲೂ ಇತ್ತು. ಐದು ಕೋರ್ಸ್ ಬಾಕಿ ಇದ್ದದ್ದು ಪಠ್ಯಕ್ರಮ ಬದಲಾಗಿ ಏಳಾಗಿತ್ತು.

ಸೆಮಿಸ್ಟರ್ ಶುರುವಾಗುವ ವಾರಕ್ಕೆ ಮುಂಚೆ ಕರೆ ಬಂತು. ಲ್ಯಾಟಿನ್ ಅಮೆರಿಕದ ಒಂದು ಲೀಗ್, ಎಂಟು ವಾರ, ತಂಡದ ದೊಡ್ಡ ಆಟಗಾರನಿಗೆ ಗಾಯವಾಗಿತ್ತು. ಎರಡೂವರೆ ವರ್ಷ ಕಾದ ಕರೆ.

ಅವರು ಬರೆದಿಟ್ಟ ಹಾಳೆ ತೆಗೆದರು. ಹಣ ಕನಿಷ್ಠದ ಹತ್ತಿರ ಇತ್ತು, ಅದಕ್ಕೆ ಸಮವಾಗಿರಲಿಲ್ಲ. ಮುಂಗಡ ಇರಲಿಲ್ಲ. ಲೀಗ್ ಬರೆದಿದ್ದಕ್ಕಿಂತ ಒಂದು ದರ್ಜೆ ಕೆಳಗೆ. ಹಾಳೆ ಇಲ್ಲದಿದ್ದರೆ ಖಂಡಿತ ಹೋಗುತ್ತಿದ್ದೆ ಎಂದು ಅವರು ಆಮೇಲೆ ಹೇಳಿದರು. ನಾಲ್ಕು ದಿನ ಯೋಚಿಸಿದರು, ತಾಯಿಯೊಂದಿಗೆ ಮಾತಾಡಿದರು. ಬೇಡ ಎಂಬ ಉತ್ತರವನ್ನು ಏಜೆಂಟ್ ಮೂಲಕ ಕಳಿಸದೆ ಕ್ಲಬ್‌ನ ಮ್ಯಾನೇಜರ್‌ಗೆ ತಾವೇ ಫೋನ್ ಮಾಡಿ ತಿಳಿಸಿದರು. ಆಮೇಲೆ ಏಜೆಂಟ್‌ಗೆ ಎರಡು ಸಾಲಿನ ಪತ್ರ: ಇನ್ನು ನನ್ನ ಹೆಸರನ್ನು ಯಾರ ಮುಂದೆಯೂ ಇಡಬೇಡಿ. ಅವರ ನಿವೃತ್ತಿಯ ದಿನಾಂಕ ಯಾವುದು ಎಂದು ಯಾರಾದರೂ ಕೇಳಿದರೆ 2016ರ ಕೊನೆಯ ಪಂದ್ಯದ ದಿನವನ್ನು ಅವರು ಹೇಳುವುದಿಲ್ಲ, ಈ ಪತ್ರದ ದಿನವನ್ನು ಹೇಳುತ್ತಾರೆ.

ಆಮೇಲೆ

ಪದವಿ 2020ರಲ್ಲಿ ಮುಗಿಯಿತು. ತಮಗಿಂತ ಹದಿನೈದು ವರ್ಷ ಚಿಕ್ಕವರ ನಡುವೆ ಕೂತು ಸಂಖ್ಯಾಶಾಸ್ತ್ರ ಕಲಿಯುವುದು ಅವರಿಗೆ ಮೊದಲ ತಿಂಗಳು ತೀರಾ ಕಷ್ಟವಾಗಿತ್ತು. ಆಮೇಲೆ ಅಭ್ಯಾಸದ ಶಿಸ್ತು ಕೈಹಿಡಿಯಿತು. ಈಗ ಚಿಕ್ಕ ವಿಶ್ವವಿದ್ಯಾಲಯವೊಂದರ ಕ್ರೀಡಾ ವಿಭಾಗದಲ್ಲಿ, ಆಟಗಾರರ ಓದನ್ನು ನೋಡಿಕೊಳ್ಳುವ ಕೆಲಸ. ವರ್ಷದ ಸಂಬಳ ಯುರೋಪಿನ ಒಳ್ಳೆಯ ದಿನಗಳ ಕೆಲವು ತಿಂಗಳ ಸಂಬಳದಷ್ಟು. ಮದುವೆ ಮತ್ತೆ ಕೂಡಲಿಲ್ಲ, ಮಗಳು ವಾರಾಂತ್ಯಗಳಲ್ಲಿ ಜೊತೆಗಿರುತ್ತಾಳೆ. ಮೊಣಕಾಲು ನೋಯುತ್ತದೆ. ವಿಮೆ ವಿಶ್ವವಿದ್ಯಾಲಯದ್ದು, ಆದ್ದರಿಂದ ಕೆಲಸ ಬಿಡುವಂತಿಲ್ಲ. ಯಶಸ್ಸಿನ ಕಥೆ ಎಂದು ಇದನ್ನು ಎಲ್ಲಾದರೂ ಹೇಳಿದರೆ ಅರ್ಧವನ್ನು ಮರೆಮಾಚಿದಂತೆ.

ಈ ಪ್ರಕರಣವನ್ನು ಸಹೋದ್ಯೋಗಿಗಳ ಮುಂದೆ ಇಟ್ಟಾಗಲೆಲ್ಲ ಚರ್ಚೆ ಹಣಕಾಸಿನ ಶಿಕ್ಷಣದ ಕಡೆ ಹೊರಳುತ್ತದೆ. ಅದು ಬೇಕು. ಆದರೆ ಇವರು ದುಂದುಗಾರರಲ್ಲ. ಅತಿ ದುಬಾರಿಯಾದದ್ದು ಎರಡೂವರೆ ವರ್ಷದ ಕಾಯುವಿಕೆ. ಉಳಿತಾಯ, ದಾಂಪತ್ಯ, ತರಬೇತಿ ಕೇಂದ್ರ ಮೂರೂ ಆ ಅವಧಿಯಲ್ಲೇ ಹೋದವು. ಆ ಕಾಯುವಿಕೆಯನ್ನು ನಿಲ್ಲಿಸಿದ್ದು ಉಪದೇಶವಲ್ಲ, ಮೊದಲೇ ಬರೆದಿಟ್ಟ ಷರತ್ತುಗಳು. ಕರೆ ಬಂದ ಗಳಿಗೆಯಲ್ಲಿ ಯಾವ ಆಟಗಾರನಿಗೂ ತಣ್ಣಗೆ ಯೋಚಿಸಲಾಗದು. ಕರೆ ಬರುವ ಮುಂಚೆ ಸಾಧ್ಯ. ಅಂಥ ಹಾಳೆಯನ್ನು ಕೊನೆಯ ಒಪ್ಪಂದ ಮುಗಿದ ಮೇಲೆ ಬರೆಯುವುದಕ್ಕಿಂತ ಆಡುತ್ತಿರುವಾಗಲೇ, ಪ್ರತಿ ಬೇಸಿಗೆಯಲ್ಲಿ ಹೊಸದಾಗಿ ಬರೆಯುವುದು ಒಳಿತು ಎಂದು ನಾನು ಈಗ ಎಲ್ಲ ಆಟಗಾರರಿಗೂ ಹೇಳುತ್ತೇನೆ. ಸೇವೆಯ ವರ್ಷಗಳು, ಅವು ತೆರೆಯುವ ಹಕ್ಕುಗಳು ಆ ಹಾಳೆಯ ಮೇಲ್ಭಾಗದಲ್ಲೇ ಇರಬೇಕು.

ತಮ್ಮ ಕೆಲಸದ ಹೊರಗೆ ಅವರು ಮಾಡುವ ಇನ್ನೊಂದು ಕೆಲಸವಿದೆ. ವಿದೇಶಕ್ಕೆ ಹೊರಡುವ ಹುಡುಗರ ಒಪ್ಪಂದಗಳನ್ನು ಸಂಜೆ ಕೂತು ಓದಿಕೊಡುತ್ತಾರೆ, ಶುಲ್ಕವಿಲ್ಲದೆ. ಮಧ್ಯಸ್ಥಿಕೆಯ ಷರತ್ತು ಇದೆಯೇ, ಸಂಬಳ ತಡವಾದರೆ ಎಷ್ಟನೆಯ ದಿನ ನೋಟಿಸ್, ವೈದ್ಯಕೀಯ ಪರೀಕ್ಷೆಯಾದ ಮೇಲೆ ಕ್ಲಬ್ ಹಿಂದೆ ಸರಿಯುವಂತಿದೆಯೇ, ಮನೆಗೆ ಮರಳುವ ಟಿಕೆಟ್ ಯಾರದ್ದು. ಕಾನೂನು ಸಲಹೆಗೆ ವಕೀಲರ ಬಳಿ ಕಳಿಸುತ್ತಾರೆ. ಯಾವ ಸಾಲನ್ನು ವಕೀಲರಿಗೆ ತೋರಿಸಬೇಕು ಎಂಬುದನ್ನು ಗುರುತುಮಾಡಿ ಕೊಡುತ್ತಾರೆ. ಕಳೆದ ಬೇಸಿಗೆಯಲ್ಲಿ ಎರಡು ವರ್ಷ ಎನ್‌ಬಿಎ ಆಡಿದ ಹುಡುಗನೊಬ್ಬ ಅದೇ ಕವಲಿನಲ್ಲಿ ನಿಂತು ಬಂದಿದ್ದ: ಖಾತರಿಯಿಲ್ಲದ ಶಿಬಿರವೋ, ಯುರೋಪೋ. ಯಾವುದನ್ನು ಆರಿಸಬೇಕೆಂದು ಅವರು ಹೇಳಲಿಲ್ಲ. ಮೂರನೆಯ ವರ್ಷ ಸಿಕ್ಕರೆ ಏನೇನು ಸಿಗುತ್ತದೆ, ಸಿಗದಿದ್ದರೆ ಏನೇನು ಹೋಗುತ್ತದೆ ಎಂದು ಒಂದು ಕಡೆ, ಯುರೋಪಿನ ನಿವ್ವಳ ಹಣ ಮತ್ತು ಅದರ ಅಪಾಯಗಳು ಇನ್ನೊಂದು ಕಡೆ ಬರೆದುಕೊಟ್ಟರು. ಹುಡುಗ ಆ ಹಾಳೆಯನ್ನು ಮನೆಗೆ ಒಯ್ದು, ಹೆಂಡತಿಯೊಂದಿಗೆ ಕೂತು ಓದಿ, ಯುರೋಪಿಗೇ ಹೋದ.